ಅಜ್ಜಿಯ ಮಂಚದ ಪಕ್ಕ ಒಂದು ಪೆಟ್ಟಿಗೆ: ಪುಟ್ಟಿಯ ಶುಗರ್ ಅಲಾರಂ ಕಟ್ಟಿದ್ದು ಹೀಗೆ

ನನ್ನ ಅಕ್ಕನ ಮಗಳಿಗೆ ಈಗ 13 ವರ್ಷ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಇಲ್ಲೂ ಹಾಗೇ ಬರೆಯುತ್ತೇನೆ. 9ನೇ ವಯಸ್ಸಿನಲ್ಲಿ ಅವಳಿಗೆ ಟೈಪ್ 1 ಡಯಾಬಿಟಿಸ್ ಇದೆ ಅಂತ ಗೊತ್ತಾಯಿತು. ಸಿಹಿ ಜಾಸ್ತಿ ತಿಂದು ಬಂದದ್ದಲ್ಲ, ಯಾರ ತಪ್ಪೂ ಅಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇನ್ಸುಲಿನ್ ಮಾಡುವ ಜೀವಕೋಶಗಳ ಮೇಲೆ ತಿರುಗಿಬಿದ್ದು ಬರುವ ಕಾಯಿಲೆ. ಅಂದಿನಿಂದ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಎಡಗೈ ರಟ್ಟೆಯ ಹಿಂದೆ ಶುಗರ್ ಅಳೆಯುವ ಒಂದು ಸೆನ್ಸರ್ ಅಂಟಿಕೊಂಡಿರುತ್ತದೆ.

ಈ ಸಲ ಬೇಸಿಗೆ ರಜೆಗೆ ಊರಿಗೆ ಹೋಗುತ್ತೇನೆ, ಅಜ್ಜಿ ಜೊತೆ ಒಬ್ಬಳೇ ಇರುತ್ತೇನೆ ಅಂತ ಹಟ ಹಿಡಿದಳು. ನಮ್ಮ ಊರು ತಿಪಟೂರಿನ ಹತ್ತಿರ. ಅಲ್ಲಿ ನಮ್ಮಮ್ಮ ಇದ್ದಾರೆ. ವಯಸ್ಸು 71. ಅಕ್ಕ ಒಪ್ಪಲಿಲ್ಲ.

"ರಾತ್ರಿ ಶುಗರ್ ಇಳಿದು ಲೋ ಆದ್ರೆ ಯಾರೋ ಏಳ್ತಾರೆ? ಅಮ್ಮನಿಗೆ ಫೋನ್ ನೋಡೋಕೆ ಬರಲ್ಲ. ಪುಟ್ಟಿ ಮಲಗಿದ್ರೆ ಫೋನ್ ಬಡ್ಕೊಂಡ್ರೂ ಏಳಲ್ಲ."

ನಾನು ತುಮಕೂರಿನಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಅಕ್ಕನ ಆ ಮಾತು ಎರಡು ದಿನ ತಲೆಯಲ್ಲೇ ಉಳಿಯಿತು. ಶುಗರ್ ಎಷ್ಟಿದೆ ಅನ್ನೋದು ಪುಟ್ಟಿಯ ಫೋನಿನಲ್ಲಿ ಐದು ನಿಮಿಷಕ್ಕೊಮ್ಮೆ ಬರುತ್ತಲೇ ಇದೆ. ಅದು ಏಳಬೇಕಾದ ಮನುಷ್ಯರನ್ನು ತಲುಪುತ್ತಿಲ್ಲ, ಅಷ್ಟೇ. ಅಂಕಿ ತೋರಿಸಿ, ಶುಗರ್ ಇಳಿದಾಗ ಕೂಗುವ ಪೆಟ್ಟಿಗೆಯೊಂದನ್ನು ಅಮ್ಮನ ಮಂಚದ ಪಕ್ಕ ಇಟ್ಟು, ತಲುಪಿಸುವ ಕೆಲಸವನ್ನು ನಾನು ಮಾಡಬಹುದು ಅನ್ನಿಸಿತು.

ಇಂಥ ಕೆಲಸಕ್ಕೆ ಕೈ ಹಾಕಿದವರಲ್ಲಿ ನಾನು ಮೊದಲಿಗನೇನಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಜಾನ್ ಕಾಸ್ಟಿಕ್ ಅನ್ನುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿದ್ದಾರೆ. ಅವರ ಮಗನಿಗೆ 2012ರಲ್ಲಿ, ನಾಲ್ಕೇ ವರ್ಷಕ್ಕೆ, ಟೈಪ್ 1 ಬಂತು. ಮಗು ಡೇಕೇರ್‌ಗೆ ಹೋದಾಗ ಅದರ ಡೆಕ್ಸ್‌ಕಾಮ್ ಜಿ4 ಅನ್ನುವ ಶುಗರ್ ಸೆನ್ಸರ್ ತೋರಿಸುವ ಅಂಕಿ ತನಗೂ ಕಾಣಲಿ ಅಂತ 2013ರಲ್ಲಿ ತಾವೇ ಪ್ರೋಗ್ರಾಂ ಬರೆದರು. ಬೇರೆ ಅಪ್ಪ ಅಮ್ಮಂದಿರೂ ಕೈ ಜೋಡಿಸಿದರು, ಅದು ಬೆಳೆದು ನೈಟ್‌ಸ್ಕೌಟ್ ಆಯಿತು, ಸೆನ್ಸರ್ ಅಂಕಿಯನ್ನು ಇಂಟರ್ನೆಟ್ ಮೂಲಕ ದೂರದಲ್ಲಿರುವವರಿಗೂ ತೋರಿಸುವ ಪ್ರೋಗ್ರಾಂ. ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಕಂಪನಿಗಳು ಮಾಡಿಕೊಡುವವರೆಗೆ ನಾವು ಕಾಯುವುದಿಲ್ಲ ಅನ್ನೋದು ಆ ಅಪ್ಪ ಅಮ್ಮಂದಿರ ಘೋಷಣೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವ ದೇಶವಾದರೇನು, ಹೆದರಿಕೆ ಒಂದೇ ಅಲ್ವಾ?

ಅಂಕಿ ಬರುವ ದಾರಿ

ಪುಟ್ಟಿ ಹಾಕಿಕೊಳ್ಳುವುದು ಮೊದಲ ತಲೆಮಾರಿನ ಫ್ರೀಸ್ಟೈಲ್ ಲಿಬ್ರೆ ಅನ್ನುವ ಸೆನ್ಸರ್. ದೊಡ್ಡ ನಾಣ್ಯದಷ್ಟು ಅಗಲದ ಬಿಳಿ ಬಿಲ್ಲೆ. ಅದರ ಕೆಳಗೆ ಸುಮಾರು 5 ಮಿಲಿಮೀಟರ್ ಉದ್ದದ ಎಳೆಯೊಂದು ಚರ್ಮದೊಳಗೆ ಇರುತ್ತದೆ. ಎಳೆ ಅಳೆಯುವುದು ರಕ್ತದ ಸಕ್ಕರೆಯನ್ನಲ್ಲ, ಜೀವಕೋಶಗಳ ಸುತ್ತ ಇರುವ ದ್ರವದ ಸಕ್ಕರೆಯನ್ನು. ರಕ್ತದಲ್ಲಿ ಆದ ಏರಿಳಿತ ಆ ದ್ರವಕ್ಕೆ ತಲುಪಲು ಐದು, ಹತ್ತು ನಿಮಿಷ ಬೇಕು. ಈ ತಡವನ್ನು ಮರೆಯಬಾರದು, ಮುಂದೆ ಇದರಿಂದ ಏನಾಯಿತು ಅಂತ ಹೇಳುತ್ತೇನೆ. ಒಂದು ಸೆನ್ಸರ್ 14 ದಿನ ಬರುತ್ತದೆ. ನಮಗೆ ಒಂದಕ್ಕೆ ಸುಮಾರು 5,000 ರೂಪಾಯಿ ಬೀಳುತ್ತದೆ. ವರ್ಷಕ್ಕೆ 26 ಸೆನ್ಸರ್. ಲೆಕ್ಕ ನೀವೇ ಹಾಕಿ. ಅಕ್ಕ ಭಾವ ಏನೇನು ಬಿಟ್ಟು ಇದನ್ನು ತರುತ್ತಾರೆ ಅಂತ ನನಗೆ ಗೊತ್ತು.

ಈ ತಲೆಮಾರಿನ ಸೆನ್ಸರ್ ತಾನಾಗಿ ಕೂಗುವುದಿಲ್ಲ. ರೀಡರ್ ಅಥವಾ ಫೋನನ್ನು ಹತ್ತಿರ ಹಿಡಿದಾಗ ಮಾತ್ರ ಅಂಕಿ ಕೊಡುತ್ತದೆ. ಹಿಂದಿನ ಎಂಟು ಗಂಟೆಗಳ ಅಂಕಿಗಳನ್ನು ಒಳಗೆ ಇಟ್ಟುಕೊಂಡಿರುತ್ತದೆ, ಹಗಲು ಸ್ಕೂಲಿಗೆ ಅಷ್ಟು ಸಾಕು. ರಾತ್ರಿಗೆ ಸಾಲದು. ಅದಕ್ಕೇ ಅದರ ಮೇಲೆ ಮಿಯಾವ್‌ಮಿಯಾವ್ ಅನ್ನುವ ಚಿಕ್ಕ ಟ್ರಾನ್ಸ್‌ಮಿಟರ್ ಕೂರಿಸುತ್ತೇವೆ. ಅದು ಐದು ನಿಮಿಷಕ್ಕೊಮ್ಮೆ ಸೆನ್ಸರನ್ನು ಓದಿ ಬ್ಲೂಟೂತ್‌ನಲ್ಲಿ ಫೋನಿಗೆ ಕಳಿಸುತ್ತದೆ. ಫೋನಿನಲ್ಲಿ ಆ ಅಂಕಿಯನ್ನು ತೋರಿಸುವ ಎಕ್ಸ್‌ಡ್ರಿಪ್ ಪ್ಲಸ್ ಆ್ಯಪ್ ಇದೆ. ಸೆನ್ಸರ್ ಮಾಡಿದವರು ಒಪ್ಪಿಗೆ ಕೊಟ್ಟ ಜೋಡಣೆ ಇದಲ್ಲ. ಪುಟ್ಟಿಯ ಡಾಕ್ಟರಿಗೆ ಎಲ್ಲವನ್ನೂ ತೋರಿಸಿ, ಇನ್ಸುಲಿನ್ ಎಷ್ಟು ಅನ್ನೋದನ್ನು ಇದರ ಮೇಲೆ ತೀರ್ಮಾನ ಮಾಡುವುದಿಲ್ಲ ಅಂತ ಮಾತು ಕೊಟ್ಟ ಮೇಲೆಯೇ ಮುಂದುವರಿದೆವು.

ನೈಟ್‌ಸ್ಕೌಟ್ ಮೂಲಕ ಅಕ್ಕನಿಗೆ ತುಮಕೂರಿನಲ್ಲೇ ಅಂಕಿ ಕಾಣುತ್ತದೆ. ಆದರೆ ಅದಕ್ಕೆ ಇಂಟರ್ನೆಟ್ ಬೇಕು. ನಮ್ಮೂರಿನ ಮನೆಯಲ್ಲಿ ಸಿಗ್ನಲ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ. ಮಳೆ ಮೋಡ ಕಟ್ಟಿದರೆ ಅದೂ ಇಲ್ಲ. ಅಂಥದ್ದನ್ನು ನಂಬಿ ಮಗುವನ್ನು ಮಲಗಿಸೋದು ಹೇಗೆ?

ಹುಡುಕುವಾಗ ಒಂದು ಒಳ್ಳೆಯ ಸಂಗತಿ ಸಿಕ್ಕಿತು. ಎಕ್ಸ್‌ಡ್ರಿಪ್ ಫೋನಿನೊಳಗೇ ಒಂದು ಚಿಕ್ಕ ವೆಬ್ ಸರ್ವರ್ ನಡೆಸಬಲ್ಲದು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿ ಪಾಸ್‌ವರ್ಡ್ ಕೊಟ್ಟರೆ, ಅದೇ ವೈಫೈನಲ್ಲಿರುವ ಬೇರೆ ಸಾಧನ 17580ನೇ ಪೋರ್ಟ್‌ನಲ್ಲಿ ಕೇಳಿದಾಗ ಕೊನೆಯ ಅಂಕಿ, ಅದು ಏರುತ್ತಿದೆಯೋ ಇಳಿಯುತ್ತಿದೆಯೋ, ಯಾವಾಗ ಬಂದದ್ದು, ಎಲ್ಲ ಹೇಳುತ್ತದೆ. ಇಂಟರ್ನೆಟ್ ಬೇಕಾಗಿಲ್ಲ. ರೂಟರ್ ಉಸಿರಾಡುತ್ತಿದ್ದರೆ ಸಾಕು. ಇಡೀ ಪೆಟ್ಟಿಗೆ ನಿಂತಿರುವುದು ಈ ಒಂದು ಸೌಕರ್ಯದ ಮೇಲೆ.

ಏಪ್ರಿಲ್ 2ರಿಂದ 11: ಅಂಗಡಿಯ ಮೇಜಿನ ಮೇಲೆ

ಪೆಟ್ಟಿಗೆಯ ಮಿದುಳು ಇಎಸ್‌ಪಿ32, ವೈಫೈ ಇರುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್. ತೋರಿಸಲು ನಾಲ್ಕು ಚೌಕ ಸೇರಿಸಿದ ಕೆಂಪು ಡಾಟ್ ಮ್ಯಾಟ್ರಿಕ್ಸ್, ಬಸ್ಸಿನ ಬೋರ್ಡಿನಲ್ಲಿ ಊರಿನ ಹೆಸರು ಓಡುತ್ತಲ್ಲ, ಅದರ ಮರಿ. ಮೊದಲು ಅಂಗೈ ಮೂಲೆಯಷ್ಟು ಚಿಕ್ಕ ಪರದೆಯೊಂದನ್ನು ಹಾಕಿದ್ದೆ. ಪೊರೆ ಆಪರೇಷನ್ ಆದ ಕಣ್ಣಿಗೆ, ಕನ್ನಡಕ ಇಲ್ಲದ ನಡುರಾತ್ರಿಯಲ್ಲಿ ಅದು ಕಾಣುವುದೇ ಇಲ್ಲ ಅಂತ ಹೊಳೆದು ತೆಗೆದೆ. ಜೊತೆಗೆ ಹಸಿರು, ಹಳದಿ, ಕೆಂಪು ಮೂರು ಎಲ್‌ಇಡಿ, ಒಂದು ಬಜರ್, ವಿಡಿಯೊ ಗೇಮ್ ಅಂಗಡಿಗಳಲ್ಲಿ ಇರುವಂಥ ದೊಡ್ಡ ಗುಂಡಿ. ಎಲ್ಲ ಸೇರಿ ಸುಮಾರು 1,300 ರೂಪಾಯಿ ಆಯಿತು.

ಎರಡನೇ ದಿನ ಡಾಟ್ ಮ್ಯಾಟ್ರಿಕ್ಸ್ ಹುಚ್ಚುಹುಚ್ಚಾಗಿ ಮಿನುಗಿತು. 104 ಅಂತ ಇರಬೇಕಾದ ಕಡೆ ಅರ್ಧ ಅಂಕಿ, ಚುಕ್ಕಿಗಳ ರಾಶಿ. ವೈರ್ ಅಲುಗಾಡಿಸಿದರೆ ಸರಿ, ಬಿಟ್ಟರೆ ಮತ್ತೆ ಅದೇ. ಬೆಸುಗೆ ಎರಡು ಸಲ ಹೊಸದಾಗಿ ಹಾಕಿದೆ. ಆಮೇಲೆ ಡಿಸ್‌ಪ್ಲೇ ನಡೆಸುವ ಮ್ಯಾಕ್ಸ್7219 ಚಿಪ್‌ನ ಡೇಟಾಶೀಟ್ ತೆಗೆದು ನೋಡಿದೆ. 5 ವೋಲ್ಟ್‌ನಲ್ಲಿ ಅದು ಓಡುವಾಗ, ಸಿಗ್ನಲ್ 'ಇದೆ' ಅಂತ ಒಪ್ಪಿಕೊಳ್ಳಲು ಕನಿಷ್ಠ 3.5 ವೋಲ್ಟ್ ಬೇಕು. ಇಎಸ್‌ಪಿ32 ಕೊಡುವುದು 3.3. ಹೆಚ್ಚಿನ ಸಲ ನಡೆದುಹೋಗುತ್ತದೆ, ಆಗಾಗ ಕೈ ಕೊಡುತ್ತದೆ. ಆಟದ ಸಾಮಾನಿಗಾದರೆ ಪರವಾಗಿಲ್ಲ. ಇಲ್ಲಿ ಒಂದು ಚುಕ್ಕಿ ಆರಿ 8 ಹೋಗಿ 6 ಕಂಡರೆ ಏನು ಗತಿ? ನಡುವೆ ಒಂದು 74ಎಚ್‌ಸಿಟಿ125 ಬಫರ್ ಹಾಕಿದೆ. ಅದು 3.3ನ್ನು ಒಪ್ಪಿಕೊಂಡು 5 ವೋಲ್ಟ್ ಆಗಿ ಮುಂದಕ್ಕೆ ಕೊಡುತ್ತದೆ. ಮಿನುಗಾಟ ನಿಂತಿತು. ಮೂರು ದಿನ ಸುಮ್ನೆ ಓಡಿಸಿಟ್ಟು ನೋಡಿದೆ, ಒಂದು ಚುಕ್ಕಿಯೂ ತಪ್ಪಲಿಲ್ಲ.

ಕರೆಂಟಿನದು ನನ್ನ ಕಸುಬು, ಅಲ್ಲಿ ತಲೆ ಕೆಡಲಿಲ್ಲ. ರೂಟರ್‌ಗೆ ಅಂತಲೇ ಸಿಗುವ ಮಿನಿ ಯುಪಿಎಸ್ ತಂದೆ. ಅದರ 12 ವೋಲ್ಟ್ ರೂಟರ್‌ಗೆ, 5 ವೋಲ್ಟ್ ಪೆಟ್ಟಿಗೆಗೆ. ಮೇನ್ ಕರೆಂಟ್ ಕಿತ್ತು ಅಳೆದಾಗ ನಾಲ್ಕೂವರೆ ಗಂಟೆ ಓಡಿತು.

ಏಪ್ರಿಲ್ 12: ಊರಲ್ಲಿ

ಅಕ್ಕ, ಪುಟ್ಟಿ, ನಾನು ಮೂವರೂ ಹೋದೆವು. ಮೊದಲ ಮೂರು ವಾರ ಅಕ್ಕನೂ ಅಲ್ಲೇ ಇರುವುದು, ಪೆಟ್ಟಿಗೆ ಸರಿಯಾಗಿ ನಡೆದರೆ ಆಮೇಲೆ ಬಿಟ್ಟು ಬರುವುದು ಅಂತ ಮಾತಾಗಿತ್ತು.

ಮಾರನೇ ದಿನವೇ ಸೆನ್ಸರ್ ಬದಲಿಸುವ ದಿನ. ಮೊಮ್ಮಗಳು ಬಂದಳು ಅಂತ ಅಮ್ಮ ಬೆಳಿಗ್ಗೆಯೇ ಕೊಬ್ಬರಿ ಎಣ್ಣೆ ತಿಕ್ಕಿ ಎಣ್ಣೆ ಸ್ನಾನ ಮಾಡಿಸಿಬಿಟ್ಟಿದ್ದರು. ನಮಗೆ ಹೊಳೆಯಲಿಲ್ಲ. ಹೊಸ ಸೆನ್ಸರ್ ಹಾಕಿ ಎರಡು ಗಂಟೆಗೆ ಅಂಚು ಎದ್ದಿತು, ಸಂಜೆ ತೋಟದಲ್ಲಿ ಓಡುವಾಗ ಬಿದ್ದೇ ಹೋಯಿತು. 5,000 ರೂಪಾಯಿ. ಅಮ್ಮ ಮೂಲೆಯಲ್ಲಿ ಕೂತು ಕಣ್ಣೊರೆಸಿಕೊಂಡರು. ಪುಟ್ಟಿಯೇ ಹೋಗಿ ತಬ್ಬಿಕೊಂಡು, "ಅಜ್ಜೀ, ಮುಂದಿನ ಸಲ ಸೆನ್ಸರ್ ಹಾಕೋ ಎರಡು ದಿನ ಮುಂಚೆ ಎಣ್ಣೆ ಹಚ್ಚು, ಆಯ್ತಾ" ಅಂದಳು. ಈಗ ಕ್ಯಾಲೆಂಡರ್‌ನಲ್ಲಿ ಸೆನ್ಸರ್ ದಿನಕ್ಕೆ ಕೆಂಪು ಸುತ್ತು, ಅದರ ಹಿಂದಿನ ದಿನಕ್ಕೆ 'ಎಣ್ಣೆ ಬೇಡ' ಅಂತ ಬರಹ ಇದೆ. ಹಾಕುವ ಮುಂಚೆ ಸೋಪಿನಲ್ಲಿ ತೊಳೆದು, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಪೂರ್ತಿ ಆರಲು ಬಿಡುತ್ತೇವೆ.

ವೈಫೈಯಲ್ಲಿ ಎರಡು ತೊಡಕು ಬಂದವು. ಒಂದು, ಕರೆಂಟ್ ಹೋಗಿ ಬಂದಾಗ ರೂಟರ್ ಫೋನಿಗೆ ಬೇರೆ ವಿಳಾಸ ಕೊಟ್ಟುಬಿಡುತ್ತಿತ್ತು. ಆಗಿನ್ನೂ ಯುಪಿಎಸ್ ಜೋಡಿಸಿರಲಿಲ್ಲ. ಪೆಟ್ಟಿಗೆ ಹಳೆಯ ವಿಳಾಸದ ಬಾಗಿಲು ತಟ್ಟುತ್ತಾ ಕೂತಿರುತ್ತಿತ್ತು. ಫೋನಿಗೆ ಒಂದು ಖಾಯಂ ವಿಳಾಸ ಕೊಟ್ಟೆ. ಎರಡು, ಇಂಟರ್ನೆಟ್ ಇಲ್ಲದ ವೈಫೈಯನ್ನು ಆಂಡ್ರಾಯ್ಡ್ ಫೋನ್ ತಾನಾಗಿ ಬಿಟ್ಟುಬಿಡುತ್ತದೆ. ಇಂಟರ್ನೆಟ್ ಇಲ್ಲದಿದ್ದರೂ ಇದರಲ್ಲೇ ಇರಲಾ ಅಂತ ಒಮ್ಮೆ ಕೇಳುತ್ತದೆ, ಆಗ ಹೂಂ ಅಂದು, ಮತ್ತೆ ಕೇಳಬೇಡ ಅಂತ ಗುರುತು ಹಾಕಬೇಕು. ಹಾಗೇ ಬ್ಯಾಟರಿ ಉಳಿಸುವ ಪಟ್ಟಿಯಿಂದ ಎಕ್ಸ್‌ಡ್ರಿಪ್ ಹೆಸರು ತೆಗೆಯಬೇಕು. ಇಲ್ಲದಿದ್ದರೆ ರಾತ್ರಿ ಪರದೆ ಆರಿದ ಸ್ವಲ್ಪ ಹೊತ್ತಿಗೆ ಫೋನ್ ಅದನ್ನೂ ಮಲಗಿಸಿಬಿಡುತ್ತದೆ.

ಏಪ್ರಿಲ್ 15: ಅಮ್ಮನಿಗೆ ಕೇಳಿಸಲೇ ಇಲ್ಲ

ರಾತ್ರಿ ಹತ್ತಕ್ಕೆ ಪರೀಕ್ಷೆ ಇಟ್ಟೆ. ಅಮ್ಮ ಮಲಗಿದ ಒಂದು ಗಂಟೆಯ ಮೇಲೆ ಪೆಟ್ಟಿಗೆಗೆ ಸುಳ್ಳು 65 ಕಳಿಸಿದೆ, ಲೋ ಅನ್ನುವ ಅಂಕಿ. ಬಜರ್ ಕಿರುಚಿತು. ಪಕ್ಕದ ಕೋಣೆಯಲ್ಲಿದ್ದ ನನಗೆ ಕಿವಿ ಚುಚ್ಚುವಷ್ಟು ಜೋರು. ಹೋಗಿ ನೋಡಿದರೆ ಅಮ್ಮ ಒಂದು ಮೊಳ ದೂರದಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾರೆ.

ಬೆಳಿಗ್ಗೆ ಎಚ್ಚರ ಇದ್ದಾಗಲೇ ಬಾರಿಸಿದೆ. "ಎಲ್ಲೋ ಜೀರುಂಡೆ ಕೂಗಿದ ಹಾಗೆ ಆಯ್ತು ಕಣಪ್ಪ" ಅಂದರು.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸ್ವರಗಳನ್ನು. ಈ ಪೀಜೋ ಬಜರ್‌ಗಳು ಕೂಗುವುದು ಸರಿಯಾಗಿ ಅಲ್ಲೇ, 2ರಿಂದ 4 ಕಿಲೋಹರ್ಟ್ಜ್ ನಡುವೆ. ಇನ್ನೊಂದು ಬಜರ್ ಹಾಕಿದರೂ ಅದೇ ಕಥೆ. ಅಮ್ಮನಿಗೆ ಯಾವುದು ಕೇಳಿಸುತ್ತದೆ ಅಂತ ಯೋಚಿಸುತ್ತಾ ಕೂತಿದ್ದೆ. ಅಷ್ಟರಲ್ಲಿ ಪುಟ್ಟಿ ಹಿತ್ತಲಿಂದ "ಅಜ್ಜೀ" ಅಂದಳು, ಜೋರಾಗೇನೂ ಅಲ್ಲ. ಒಳಗಿದ್ದ ಅಮ್ಮ ತಕ್ಷಣ "ಏನೇ ಕಂದ" ಅಂದರು. ಉತ್ತರ ಸಿಕ್ಕಿತು.

ತುಮಕೂರಿಗೆ ಹೋಗಿ ಬರುವಾಗ ಡಿಎಫ್‌ಪ್ಲೇಯರ್ ಮಿನಿ ಅನ್ನುವ ಎಂಪಿ3 ಮಾಡ್ಯೂಲ್ ಮತ್ತು 3 ವಾಟ್‌ನ ಸ್ಪೀಕರ್ ತಂದೆ. ಪುಟ್ಟಿಯ ದನಿಯನ್ನೇ ರೆಕಾರ್ಡ್ ಮಾಡಿದೆವು. ಮಾತುಗಳನ್ನು ಅವಳೇ ಬರೆದುಕೊಂಡಳು. 80ರ ಕೆಳಗೆ ಹೋಗಿ ಇನ್ನೂ ಇಳಿಯುತ್ತಿದ್ದರೆ, "ಅಜ್ಜೀ, ಶುಗರ್ ಇಳೀತಿದೆ." 70ರ ಕೆಳಗೆ, "ಅಜ್ಜೀ ಏಳಜ್ಜಿ, ನಂಗೆ ಲೋ ಆಗಿದೆ." 55ರ ಕೆಳಗೆ ಅದೇ ಮಾತು, ನಿಲ್ಲದೆ, ಪೂರ್ತಿ ದನಿಯಲ್ಲಿ. ಲೋ ಅಂತ ಎಲ್ಲರೂ ಒಪ್ಪಿರುವ ಗೆರೆ 70. ಸೆನ್ಸರ್ ತಡವಾಗಿ ಹೇಳುತ್ತದೆ ಅಂದೆನಲ್ಲ, ಅದಕ್ಕೇ 80ಕ್ಕೇ ಎಚ್ಚರಿಸುವುದು.

ಜಾಸ್ತಿ ಆದಾಗ ಕೂಗಬೇಕಾ ಅಂತ ಪುಟ್ಟಿಯನ್ನೇ ಕೇಳಿದೆ. "ಬೇಡ ಮಾವ. ಹೈ ಆದಾಗೆಲ್ಲ ಕೂಗಿದ್ರೆ ಎಲ್ರೂ ನನ್ನ ತಟ್ಟೆ ನೋಡ್ತಾರೆ" ಅಂದಳು. ಆ ಮಾತು ನನಗೆ ತಾಗಿತು. ಮೈ ಅವಳದು, ಅಂಕಿಯೂ ಅವಳದೇ. ಡಾಕ್ಟರಿಗೆ ಫೋನ್ ಮಾಡಿ ಕೇಳಿ, 250 ದಾಟಿ ಎರಡು ಗಂಟೆ ಆದರೆ ಹಳದಿ ದೀಪ ಮಾತ್ರ, ದನಿ ಬೇಡ ಅಂತ ಇಟ್ಟೆ.

ಡಿಎಫ್‌ಪ್ಲೇಯರ್ ಹಾಕುವವರಿಗೆ ಒಂದು ಮಾತು. ಬೋರ್ಡಿನಿಂದ ಅದಕ್ಕೆ ಹೋಗುವ ಸಿಗ್ನಲ್ ತಂತಿಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ. ಹಾಕದಿದ್ದರೆ ಸ್ಪೀಕರ್ ಸುಮ್ಮನಿದ್ದಾಗಲೂ ಗುಂಯ್ ಅನ್ನುತ್ತಿರುತ್ತದೆ, ರಾತ್ರಿ ಅದು ಸಹಿಸಲಾಗದಷ್ಟು ಕೇಳಿಸುತ್ತದೆ.

ಏಪ್ರಿಲ್ 21: 112

ಇದನ್ನು ಬರೆಯುವಾಗ ಇವತ್ತಿಗೂ ಕೈ ತಣ್ಣಗಾಗುತ್ತದೆ.

ಆ ರಾತ್ರಿ ಮೂರು ಗಂಟೆಗೆ ಅಮ್ಮ ನೀರು ಕುಡಿಯಲು ಎದ್ದರು. ಪೆಟ್ಟಿಗೆ ನೋಡಿದರು. 112, ಹಸಿರು ದೀಪ. ಸಮಾಧಾನವಾಗಿ ಮಲಗಿದರು. ಮೂರೂವರೆಗೆ ಅಕ್ಕ ಎದ್ದಳು, ನಾಲ್ಕು ವರ್ಷದ ಅಭ್ಯಾಸ, ಅಲಾರಂ ಬೇಕಿಲ್ಲ. ಪೆಟ್ಟಿಗೆಯಲ್ಲಿ ಆಗಲೂ 112. ಅಕ್ಕ ಯಾಕೋ ಪುಟ್ಟಿಯ ಹಣೆ ಮುಟ್ಟಿದಳು. ತಣ್ಣಗೆ ಬೆವರಿತ್ತು. ಬೆರಳು ಚುಚ್ಚಿ ನೋಡಿದರೆ 61.

ಪುಟ್ಟಿಗೆ ಎಚ್ಚರ ಇತ್ತು, ಗ್ಲೂಕೋಸ್ ನೀರು ಕುಡಿದಳು, ಇಪ್ಪತ್ತು ನಿಮಿಷಕ್ಕೆ 97 ಆಯಿತು. ಏನೂ ಆಗಲಿಲ್ಲ. ಆದರೆ ಪೆಟ್ಟಿಗೆ ಇಲ್ಲದೇ ಇದ್ದಿದ್ದರೆ ಮೂರು ಗಂಟೆಗೆ ಅಮ್ಮನೇ ಹಣೆ ಮುಟ್ಟಿ ನೋಡುತ್ತಿದ್ದರು. ನನ್ನ ಪೆಟ್ಟಿಗೆ ಅವರನ್ನು ನಂಬಿಸಿ ಮಲಗಿಸಿತು.

ಬೆಳಿಗ್ಗೆ ಫೋನ್ ಬಂದ ಕೂಡಲೇ ಅಂಗಡಿ ಮುಚ್ಚಿ ಹೊರಟೆ. ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಮಲಗುವ ಕೋಣೆಯಲ್ಲಿ ಪ್ಲಗ್ ಇಲ್ಲ ಅಂತ ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿದ್ದರು. ನಮ್ಮದು ಹಳೆಯ ಹೆಂಚಿನ ಮನೆ, ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ಕೈಯಲ್ಲಿದ್ದ ಟ್ರಾನ್ಸ್‌ಮಿಟರ್‌ನ ಬ್ಲೂಟೂತ್ ಅದನ್ನು ದಾಟಲಿಲ್ಲ. ಆದರೆ ಫೋನ್ ವೈಫೈನಲ್ಲಿ ಇತ್ತು. ನನ್ನ ಪೆಟ್ಟಿಗೆ ನಿಮಿಷಕ್ಕೊಮ್ಮೆ ಕೇಳುತ್ತಿತ್ತು, ಫೋನ್ ತನ್ನ ಹತ್ತಿರ ಇದ್ದ ಕೊನೆಯ ಅಂಕಿಯನ್ನು ನಿಮಿಷಕ್ಕೊಮ್ಮೆ ಕೊಡುತ್ತಿತ್ತು. ರಾತ್ರಿ 1:52ರ 112. ಉತ್ತರ ಬಂತು ಅಂದರೆ ಹೊಸ ಅಂಕಿ ಬಂತು ಅಂತ ನಾನು ಪ್ರೋಗ್ರಾಂನಲ್ಲಿ ಬರೆದಿದ್ದೆ. ತಪ್ಪು ನನ್ನದೇ.

ಅಂಕಿ ಎಷ್ಟು ಹಳೆಯದು ಅಂತ ನೋಡಿಯೇ ತೋರಿಸಬೇಕು. ಫೋನ್ ಅಂಕಿಯ ಜೊತೆ ಅದು ಬಂದ ಹೊತ್ತನ್ನೂ ಕಳಿಸುತ್ತದೆ, 1970ರಿಂದ ಎಣಿಸಿದ ಮಿಲಿಸೆಕೆಂಡುಗಳಲ್ಲಿ, 13 ಅಂಕಿಯ ಸಂಖ್ಯೆ. ಈಗಿನ ಹೊತ್ತಿನಿಂದ ಅದನ್ನು ಕಳೆದರೆ ಆಯಿತು ಅಂದುಕೊಂಡೆ. ಮೊದಲ ಎಡವು, ಆ ಸಂಖ್ಯೆ 32 ಬಿಟ್‌ನ ಜಾಗದಲ್ಲಿ ಹಿಡಿಸುವುದಿಲ್ಲ. ತುಂಬಿ ಚೆಲ್ಲಿ ಬೇರೇನೋ ಆಗುತ್ತದೆ. 64 ಬಿಟ್ ಮಾಡಿದೆ. ಎರಡನೆಯದು ಇನ್ನೂ ದೊಡ್ಡದು. ಈಗಿನ ಹೊತ್ತು ಪೆಟ್ಟಿಗೆಗೆ ಗೊತ್ತಾಗುವುದು ಇಂಟರ್ನೆಟ್‌ನಿಂದ. ಅದು ಇಲ್ಲದಾಗ ಪೆಟ್ಟಿಗೆಗೆ ಗಡಿಯಾರವೇ ಇಲ್ಲ.

ಗಡಿಯಾರದ ಚಿಪ್ ಒಂದನ್ನು ಹಾಕಬಹುದಿತ್ತು. ಆದರೆ ಅದರ ಹೊತ್ತಿಗೂ ಫೋನಿನ ಹೊತ್ತಿಗೂ ವ್ಯತ್ಯಾಸ ಬಂದರೆ ಮತ್ತೊಂದು ತೊಂದರೆ. ಜಗುಲಿಯಲ್ಲಿ ಕೂತು ಯೋಚಿಸಿದಾಗ, ಎಷ್ಟು ಗಂಟೆ ಅನ್ನೋದು ನನಗೆ ಬೇಕಾಗಿಯೇ ಇಲ್ಲ ಅನ್ನಿಸಿತು. ಆ 13 ಅಂಕಿಯ ಸಂಖ್ಯೆ ಬದಲಾಯಿತಾ ಇಲ್ಲವಾ, ಅಷ್ಟು ಸಾಕು. ಬದಲಾದಾಗಲೆಲ್ಲ ಪೆಟ್ಟಿಗೆ ಸೊನ್ನೆಯಿಂದ ಎಣಿಸಲು ಶುರು ಮಾಡುತ್ತದೆ. 12 ನಿಮಿಷ ಆದರೂ ಅದೇ ಸಂಖ್ಯೆ ಇದ್ದರೆ ಅಂಕಿ ಅಳಿಸಿ ಮೂರು ಗೀಟು ತೋರಿಸುತ್ತದೆ, ಹಸಿರು ದೀಪ ಆರಿಸುತ್ತದೆ. 20 ನಿಮಿಷ ಆದರೆ ಪುಟ್ಟಿಯ ದನಿ ಬರುತ್ತದೆ: "ಅಜ್ಜೀ, ನನ್ನ ಸುದ್ದಿ ಬರ್ತಿಲ್ಲ, ಒಂದ್ಸಲ ಬಂದು ನೋಡು." ಪೆಟ್ಟಿಗೆ ಆಫ್ ಆಗಿ ಆನ್ ಆದಾಗ ಸಿಗುವ ಮೊದಲ ಅಂಕಿ ಎಷ್ಟು ಹಳೆಯದೋ ತಿಳಿಯದು, ಆದ್ದರಿಂದ ಅದನ್ನು ತೋರಿಸುವುದೇ ಇಲ್ಲ. ಎರಡನೆಯದು ಬರುವವರೆಗೆ ಮೂರು ಗೀಟೇ.

ಫೋನನ್ನು ಬೇಕಂತಲೇ ನಡುಮನೆಗೆ ಒಯ್ದು, ಟ್ರಾನ್ಸ್‌ಮಿಟರ್ ಮೇಲೆ ಕೈ ಮುಚ್ಚಿ, ರೂಟರ್ ಆಫ್ ಮಾಡಿ, ಫೋನ್ ಆಫ್ ಮಾಡಿ, ಹನ್ನೊಂದು ಸಲ ನೋಡಿದೆ. ಹನ್ನೊಂದು ಸಲವೂ ಗೀಟು ಬಂತು. ಆಮೇಲೆ ಮಲಗುವ ಕೋಣೆಗೆ ಒಂದು ಪ್ಲಗ್ ಪಾಯಿಂಟ್ ಎಳೆದೆ. ಇಷ್ಟು ಕೆಲಸದಲ್ಲಿ ಅದೇ ಎಲ್ಲಕ್ಕಿಂತ ಮುಖ್ಯವಾದದ್ದೋ ಏನೋ.

ಇಂಥದ್ದನ್ನು ಕಟ್ಟುವವರು ಬೇರೆ ಯಾರಾದರೂ ಇದ್ದರೆ, ದಯವಿಟ್ಟು ಮೊದಲು ಈ ಗೀಟನ್ನು ಬರೆಯಿರಿ. ಅಂಕಿ ತೋರಿಸುವುದನ್ನು ಆಮೇಲೆ ಬರೆಯಿರಿ.

ಏಪ್ರಿಲ್ 24: ಬೆಲ್ಲ, ಹಾಲು, ಬಾಳೆಹಣ್ಣು

ಸಂಜೆ ಲಗೋರಿ ಆಡಿ ಬಂದಾಗ ನಿಜವಾದ ಮೊದಲ ಲೋ ಕೂಗು, 66. ಅಮ್ಮ ಓಡಿದರು. ಒಂದು ಉಂಡೆ ಬೆಲ್ಲ ಕೊಟ್ಟರು. ಐದು ನಿಮಿಷಕ್ಕೆ ಪೆಟ್ಟಿಗೆ 63 ಅಂದಿತು. ಗಾಬರಿಯಾಗಿ ಒಂದು ಲೋಟ ಹಾಲು ಕೊಟ್ಟರು. ಮತ್ತೆ ಐದು ನಿಮಿಷ, 62. ಎರಡು ಬಾಳೆಹಣ್ಣು. ಒಂದೂವರೆ ಗಂಟೆಯ ಮೇಲೆ ಪುಟ್ಟಿಯ ಶುಗರ್ 283, ತಲೆನೋವು, ಊಟ ಬೇಡ ಅಂತ ಮಲಗಿದಳು.

ಅಮ್ಮನದು ತಪ್ಪಲ್ಲ. ಬಾಯಿಗೆ ಬಿದ್ದ ಸಕ್ಕರೆ ರಕ್ತಕ್ಕೆ ಸೇರಲು ಹೊತ್ತು ಬೇಕು, ರಕ್ತದಿಂದ ಸೆನ್ಸರ್‌ವರೆಗೆ ಬರಲು ಮತ್ತೆ ಹೊತ್ತು ಬೇಕು. ಹಾಲಿನ ಕೊಬ್ಬು ಅದನ್ನು ಇನ್ನೂ ನಿಧಾನ ಮಾಡುತ್ತದೆ. ಪೆಟ್ಟಿಗೆ ಇಳಿಯುವ ಅಂಕಿ ತೋರಿಸುತ್ತಾ ಇದ್ದರೆ ಯಾವ ಅಜ್ಜಿ ಕೈ ಕಟ್ಟಿ ಕೂತಾರು?

ಹಾಗಾಗಿ ಗುಂಡಿಯ ಕೆಲಸ ಬದಲಿಸಿದೆ. ಪುಟ್ಟಿಗೆ ಸಕ್ಕರೆ ಕೊಟ್ಟ ಮೇಲೆ ಅಮ್ಮ ಗುಂಡಿ ಒತ್ತಬೇಕು. ಆಗ ಅಂಕಿ ಮರೆಯಾಗಿ 15 ಅಂತ ಬರುತ್ತದೆ. 14, 13, 12. ಸೊನ್ನೆ ಆಗುವವರೆಗೆ ಏನೂ ಕೊಡುವ ಹಾಗಿಲ್ಲ, ಪಕ್ಕದಲ್ಲಿ ಕೂತು ಮಾತಾಡಿಸುತ್ತಿರಬೇಕು. ಸೊನ್ನೆ ಆದ ಮೇಲೆ ಬೆರಳು ಚುಚ್ಚಿ ನೋಡಬೇಕು. 55ರ ಕೆಳಗೆ ಇಳಿದರೆ ಮಾತ್ರ ಎಣಿಕೆ ನಿಲ್ಲಿಸಿ ಮತ್ತೆ ಕೂಗುತ್ತದೆ.

ಏನು ಕೊಡಬೇಕು ಅನ್ನೋದನ್ನೂ ಸರಿ ಮಾಡಿದೆವು. ಪುಟ್ಟಿಯ ತೂಕ 40 ಕೆಜಿ. ಕೆಜಿಗೆ 0.3 ಗ್ರಾಂ ಲೆಕ್ಕದಲ್ಲಿ 12 ಗ್ರಾಂ ಗ್ಲೂಕೋಸ್ ಅಂತ ಡಾಕ್ಟರು ಹೇಳಿದರು. ನನ್ನ ಅಂಗಡಿಯ ಚಿಕ್ಕ ತಕ್ಕಡಿಯಲ್ಲಿ ತೂಗಿ ಹತ್ತು ಪೊಟ್ಟಣ ಕಟ್ಟಿದೆ. ಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ ಪೊಟ್ಟಣ, ಲೋಟ, ಚೊಂಬಿನಲ್ಲಿ ನೀರು. ಅಮ್ಮನಿಗೆ ಕನ್ನಡ ಓದಲು ಚೆನ್ನಾಗಿ ಬರುತ್ತದೆ. ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: ಎಬ್ಬಿಸು. ಬೆರಳು ಚುಚ್ಚು. ಚುಚ್ಚಲು ಆಗದಿದ್ದರೆ ಮೊದಲು ಪೊಟ್ಟಣ. ಗುಂಡಿ ಒತ್ತು. ಕಾಯಿ. ಅದರ ಕೆಳಗೆ ಕೆಂಪಿನಲ್ಲಿ: ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡ. ಶುಗರ್ ಏರಿಸುವ ಮದ್ದಾದ ಗ್ಲುಕಗಾನ್ ಸೂಜಿ ಫ್ರಿಜ್ ಬಾಗಿಲಲ್ಲಿದೆ. ಪಕ್ಕದ ಮನೆಯಲ್ಲಿ ನರ್ಸಿಂಗ್ ಓದುತ್ತಿರುವ ಹುಡುಗಿ ಇದ್ದಾಳೆ. ಅದನ್ನು ಕೊಡುವುದು ಹೇಗೆ ಅಂತ ಅಕ್ಕ ಅವಳಿಗೂ ತೋರಿಸಿಕೊಟ್ಟಿದ್ದಾಳೆ. ಕಾರು ಇರುವ ಮನೆಯ ಫೋನ್ ನಂಬರೂ ಅಲ್ಲೇ ಇದೆ.

ಬೆರಳು ಚುಚ್ಚಿ ನೋಡು ಅಂತ ಬರೆದದ್ದಕ್ಕೆ ಇನ್ನೊಂದು ಕಾರಣ ಇದೆ. ಪುಟ್ಟಿ ಎಡಗೈ ಅಡಿ ಹಾಕಿ ಮಲಗುತ್ತಾಳೆ. ಸೆನ್ಸರ್ ಮೇಲೆ ಭಾರ ಬಿದ್ದರೆ ಅಲ್ಲಿಗೆ ದ್ರವ ಸರಿಯಾಗಿ ಬರುವುದಿಲ್ಲ, ಇಲ್ಲದ ಲೋ ತೋರಿಸುತ್ತದೆ. 27ರ ರಾತ್ರಿ ಪೆಟ್ಟಿಗೆ 58 ಅಂದಿತು, ಬೆರಳಲ್ಲಿ 104. ಮಗ್ಗುಲು ಬದಲಿಸಿದ ಮೇಲೆ ಸರಿಹೋಯಿತು. ಗ್ಲೂಕೋಮೀಟರೂ ದೇವರ ವಾಕ್ಯ ಅಲ್ಲ. 100ರ ಕೆಳಗೆ 15 ಆಚೀಚೆ ಆಗಲು ಅದರ ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. ಅದಕ್ಕೇ 68 ಬಂದರೂ 72 ಬಂದರೂ ನಾವು ವಾದ ಮಾಡುವುದಿಲ್ಲ, ಮಗುವಿನ ಮುಖ ನೋಡುತ್ತೇವೆ.

ಮೇ 11

ಅಕ್ಕ ಮೇ 4ಕ್ಕೆ ತುಮಕೂರಿಗೆ ವಾಪಸ್ ಬಂದಳು. ಮೊದಲ ಮೂರು ರಾತ್ರಿ ನೈಟ್‌ಸ್ಕೌಟ್ ನೋಡುತ್ತಾ ಕೂತಿದ್ದಳಂತೆ. ನಾಲ್ಕನೇ ರಾತ್ರಿ ನಿದ್ದೆ ಮಾಡಿದೆ ಅಂದಳು.

11ರ ಬೆಳಿಗ್ಗೆ ನಾನು ಊರಿಗೆ ಹೋದೆ, ಪೆಟ್ಟಿಗೆಯ ಮುಚ್ಚಳಕ್ಕೆ ಸ್ಕ್ರೂ ಹಾಕುವುದು ಬಾಕಿ ಇತ್ತು. ಅಮ್ಮ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಪುಟ್ಟಿ ಇನ್ನೂ ಎದ್ದಿರಲಿಲ್ಲ.

"ರಾತ್ರಿ ಕೂಗ್ತು ಕಣೋ, ಎರಡೂ ಮುಕ್ಕಾಲಿಗೆ" ಅಂದರು, ರೊಟ್ಟಿ ತಿರುವಿ ಹಾಕುತ್ತಾ. "ಚುಚ್ಚಿ ನೋಡಿದೆ, 64 ಇತ್ತು. ಪೊಟ್ಟಣ ಕಲೆಸಿ ಕೊಟ್ಟೆ. ಗುಂಡಿ ಒತ್ತಿ ಹದಿನೈದು ಎಣಿಸೋ ತನಕ ಕೂತಿದ್ದೆ, ಅವಳು ಅಷ್ಟೊತ್ತೂ ಶಾಲೆ ಕಥೆ ಹೇಳಿದ್ಲು. ಆಮೇಲೆ 93. ಮಲ್ಕೊಂಡ್ವಿ."

"ನನಗೆ ಯಾಕಮ್ಮ ಫೋನ್ ಮಾಡಲಿಲ್ಲ?"

"ಯಾಕೆ ಮಾಡ್ಬೇಕಿತ್ತು?"

ಗೂಡಿನಲ್ಲಿ ಪೊಟ್ಟಣ ಎಣಿಸಿದೆ. ಒಂಬತ್ತು ಇದ್ದವು. ತುಮಕೂರಿಂದ ತಕ್ಕಡಿ ತಂದಿದ್ದೆ, ಇನ್ನೊಂದು ತೂಗಿ ಕಟ್ಟಿಟ್ಟು, ಮುಚ್ಚಳದ ಸ್ಕ್ರೂ ಹಾಕಲು ಕೂತೆ.